ಹರಿಗೋಲಿನ ಹೊಲಿಗೆ

ಹೊಳೆಯ ಈಚೆ ದಂಡೆಯಲ್ಲಿ, ಬಂಡೆಗಳ ನಡುವೆ ಒಂದು ಆಶ್ರಮ. ಅಲ್ಲಿದ್ದ ಗುರುಗಳನ್ನು ಸುತ್ತಲಿನ ಜನ ಅಜ್ಜಾರು ಎಂದೇ ಕರೆಯುತ್ತಿದ್ದರು.

ಒಂದು ದಿನ ಆಚೆ ದಂಡೆಯ ಊರಿನಿಂದ ಜಂಬಣ್ಣನೆಂಬ ಅಂಬಿಗ ಅಲ್ಲಿಗೆ ಬಂದ. ನಲವತ್ತು ದಾಟಿದ ಗಟ್ಟಿ ಆಳು. ಬಂದವನೇ ಅಜ್ಜಾರ ಪಾದಕ್ಕೆ ಬಿದ್ದ. ಬಹಳ ಹೊತ್ತು ಏಳಲಿಲ್ಲ.

"ಮನಸ್ಸು ನಿಂದ್ರವಲ್ದು ಅಜ್ಜಾರ. ಕಣ್ಣು ಮುಚ್ಚಿದ್ರ ನೀರು ಕಾಣ್ತೈತಿ. ಧ್ಯಾನ ಕಲಿಸ್ರಿ."

ಯಾಕೆ ಎಂದು ಅಜ್ಜಾರು ಕೇಳಲಿಲ್ಲ. ಸಂತೆಯ ದಿನ ನಡುಹೊಳೆಯಲ್ಲಿ ಹರಿಗೋಲು ಮಗುಚಿ ಮೂವರು ಹೋದ ಸುದ್ದಿ ಆಗಲೇ ಆಶ್ರಮಕ್ಕೆ ಬಂದಿತ್ತು. ರೇಣವ್ವನೆಂಬ ಹೆಣ್ಣುಮಗಳು ಕುಳಿತಲ್ಲಿ ಕೂರದೆ ಎದ್ದು ನಿಂತಳಂತೆ. ತಾನೂ ಹೋದಳು, ಇನ್ನಿಬ್ಬರನ್ನೂ ಒಯ್ದಳು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ಊರಿಗೆ ಹಾಗೆ ಹೇಳಿದವನು ಜಂಬಣ್ಣನೇ. ಅದು ಸುಳ್ಳೂ ಅಲ್ಲ. ಅವಳು ಎದ್ದು ನಿಂತದ್ದು ನಿಜ. ಯಾಕೆ ಎದ್ದಳೆಂಬುದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಹರಿಗೋಲಿನ ತಳಕ್ಕೆ ಹೊಲಿದ ತೊಗಲನ್ನು ದಿನಾ ಸಂಜೆ ದಂಡೆಯ ಮೇಲೆ ಬೋರಲು ಹಾಕಿ ಒಣಗಿಸಬೇಕು. ಒಣಗದಿದ್ದರೆ ಹೊಲಿಗೆ ಕೊಳೆಯುತ್ತದೆ. ಆ ವಾರ ಕೊಯ್ಲಿನ ಆಳುಗಳನ್ನು ದಾಟಿಸುವ ಗಡಿಬಿಡಿಯಲ್ಲಿ ಜಂಬಣ್ಣ ಒಣಗಿಸಿರಲಿಲ್ಲ. ಸಂತೆಯ ಬೆಳಿಗ್ಗೆ ನೋಡಿದರೆ ಗೇಣುದ್ದ ಹೊಲಿಗೆ ಸಡಿಲಾಗಿತ್ತು. ದಂಡೆಯಲ್ಲಿ ಜನ ಕಾಯುತ್ತಿದ್ದರು. ಚಿಂದಿ ತುರುಕಿ, ಮೇಲೆ ರಾಳ ಬಳಿದ. ಇವತ್ತೊಂದು ದಿನ ತಡೆದೀತು ಅಂದುಕೊಂಡ.

ಆ ತೇಪೆ ಯಾರ ಕಣ್ಣಿಗೂ ಬೀಳದಿರಲೆಂದು ರೇಣವ್ವನನ್ನು ಕರೆದು, ಸರಿಯಾಗಿ ಆ ಜಾಗದ ಮೇಲೆಯೇ ಕೂರಿಸಿದ್ದ.

ಅಜ್ಜಾರು ಅವನಿಗೆ ಮೊದಲು ಉಸಿರು ನೋಡುವುದನ್ನು ಕಲಿಸಿದರು. ಬಿಟ್ಟ ಉಸಿರೆಲ್ಲ ಅವನಿಗೆ ಗುಳುಗುಳು ಎಂದು ಕೇಳಿಸಿತು. ಜಪಸರ ಕೊಟ್ಟರು. ನಾಲ್ಕು ಮಣಿ ತಿರುಗುವುದರೊಳಗೆ ಬೆರಳು ನಿಂತುಬಿಡುತ್ತಿತ್ತು. ಒಂದು ವರ್ಷ ಕಳೆಯಿತು. ಎರಡೂ ಕಳೆಯಿತು.

ಒಮ್ಮೆ ಅಜ್ಜಾರು ಕೇಳಿದರು. "ಆ ನೀರಿನಾಗ ಯಾರು ಕಾಣ್ತಾರ?"

"ಯಾರೂ ಇಲ್ರಿ. ಬರೇ ನೀರು."

"ಹಂಗಾರ ಇನ್ನೂ ನೋಡು," ಎಂದು ಅವರು ಎದ್ದು ಹೋದರು.

ಆಶ್ರಮಕ್ಕೆ ಒಂದು ಹರಿಗೋಲಿತ್ತು. ಭಕ್ತರನ್ನು ದಾಟಿಸುವ ಸೇವೆ ಜಂಬಣ್ಣನದು. ಹುಟ್ಟುಗೋಲು ಮುಟ್ಟದ ದಿನವೂ ಅದನ್ನು ಎಳೆದು ತಂದು ಬಿಸಿಲಿಗೆ ಬೋರಲು ಹಾಕುತ್ತಿದ್ದ. ಯಾರನ್ನೇ ಹತ್ತಿಸಲಿ, ಮೊದಲು ಬಾಗಿ ಹೊಲಿಗೆಯುದ್ದಕ್ಕೂ ಹೆಬ್ಬೆರಳು ಒತ್ತಿ ನೋಡುತ್ತಿದ್ದ. ಅಡುಗೆಯ ಬಸಯ್ಯ ನಗುತ್ತಿದ್ದ. "ಹೆಂಡ್ತಿ ಕಾಲು ಒತ್ತಿದಂಗ ಒತ್ತತಾನ ನೋಡ್ರಿ ಅಜ್ಜಾರ. ಕಟ್ಟಿಕೊಂಡಾಕಿಗೂ ಇಷ್ಟು ಒತ್ತಿರಲಿಕ್ಕಿಲ್ಲ."

ಅಜ್ಜಾರು ನಗುತ್ತಿರಲಿಲ್ಲ. ಆ ಹೆಬ್ಬೆರಳನ್ನೇ ನೋಡುತ್ತಿದ್ದರು.

ಪ್ರತಿ ಅಮಾವಾಸ್ಯೆಗೆ ಹುಲಿಗೆಮ್ಮ ಬರುತ್ತಿದ್ದಳು. ರೇಣವ್ವನ ತಾಯಿ. ಅವಳನ್ನು ಕರೆತರುವುದೂ, ಮರಳಿ ಬಿಡುವುದೂ ಜಂಬಣ್ಣನೇ. ನಡುಹೊಳೆಗೆ ಬಂದಾಗ ಅವಳು ಬುತ್ತಿ ಬಿಚ್ಚಿ ಎರಡು ತುತ್ತು ಮೊಸರನ್ನ ನೀರಿಗೆ ಬಿಡುವಳು. ಸತ್ತವರು ಮೂವರು. ತುತ್ತು ಎರಡೇ.

ಮಗಳ ಹೆಸರಿನಲ್ಲೂ ಒಂದು ತುತ್ತು ಬಿಡಬಾರದೇನವ್ವ ಎಂದು ಬಸಯ್ಯ ಒಮ್ಮೆ ಕೇಳಿಯೇಬಿಟ್ಟ.

"ಎರಡು ಮನಿ ದೀಪ ಆರಿಸಿದಾಕಿ ಅಕಿ," ಎಂದಳು ಹುಲಿಗೆಮ್ಮ. "ಆ ಮನಿಯವರ ಎದುರಿಗೆ ನಾ ಯಾವ ಮುಖ ಇಟ್ಕೊಂಡು ಅಳ್ಲಿ, ಅಪ್ಪಾ?"

ಊರಲ್ಲಿ ಅವಳು ನೀರಿಗೆ ಹೋದರೆ ಹೆಂಗಸರು ತಮ್ಮ ಕೊಡ ಸರಿಸಿಕೊಳ್ಳುತ್ತಾರಂತೆ. ಅದನ್ನೂ ಅವಳೇ ಹೇಳಿದಳು, ಬೇರೆ ಯಾರದೋ ಮನೆಯ ಮಾತು ಹೇಳುವವಳ ಹಾಗೆ. ಜಂಬಣ್ಣ ಆಗ ಹರಿಗೋಲು ಕಟ್ಟುವ ನೆಪ ಮಾಡಿ ದೂರ ಹೋದ.

ಮೂರನೆಯ ವರ್ಷದ ಒಂದು ಅಮಾವಾಸ್ಯೆ. ಜಂಬಣ್ಣ ಬೇವಿನ ಮರದ ಕೆಳಗೆ ಧ್ಯಾನಕ್ಕೆ ಕುಳಿತಿದ್ದ. ಯಾರೋ ಬಂದು ಮುಂದೆ ನಿಂತರು. ಕಣ್ಣು ತೆರೆದ. ಹುಲಿಗೆಮ್ಮ. ಅವನು ತಟ್ಟನೆ ಮತ್ತೆ ಕಣ್ಣು ಮುಚ್ಚಿದ.

ಅವಳು ಒಂದು ಹೊಸ ಟವೆಲನ್ನು ಅವನ ತೊಡೆಯ ಮೇಲಿಟ್ಟು ಅವನ ಕಾಲು ಮುಟ್ಟಿದಳು.

"ನನ್ನ ಮಗಳು ನಿನ್ನ ಹರಿಗೋಲು ಮುಳುಗಿಸಿದ್ಲು, ನಿನ್ನ ಬಾಳು ಕೆಡಿಸಿದ್ಲು. ನಿನ್ನಂಥ ಸಂಸಾರಸ್ಥ ಸನ್ಯಾಸಿ ಆಗಿ ಕುಂತಿ. ಅಕಿನ್ನ ಕ್ಷಮಿಸಿಬಿಡು, ತಮ್ಮಾ."

ಜಂಬಣ್ಣ ರೆಪ್ಪೆ ಅಲುಗಿಸಲಿಲ್ಲ. ಕಲಿಸಿದಂತೆ ಉಸಿರನ್ನು ಹಿಡಿದ. ಮೂಗಿನ ತುದಿಯನ್ನು ಹಿಡಿದ. ಆ ಹೊತ್ತಿಗೆ, ಮೂರು ವರ್ಷದಲ್ಲಿ ಮೊದಲ ಬಾರಿಗೆ, ಎಲ್ಲ ನಿಂತುಹೋಯಿತು. ನೀರಿಲ್ಲ. ಅದರಲ್ಲಿ ತೇಲುತ್ತಿದ್ದ ರೇಣವ್ವನ ಸೆರಗಿಲ್ಲ. ಕಾಲ ಮೇಲಿನ ಆ ಮುದಿ ಕೈ ಕೂಡ ಎಲ್ಲೋ ದೂರದ್ದು ಅನ್ನಿಸಿತು.

ಅವಳು ಯಾವಾಗ ಎದ್ದು ಹೋದಳೋ ಅವನಿಗೆ ಗೊತ್ತಾಗಲಿಲ್ಲ.

ಟವೆಲನ್ನು ಹೆಗಲಿಗೆ ಹಾಕಿಕೊಂಡು ಅಜ್ಜಾರ ಬಳಿ ಹೋದ. ಮುಖ ಅರಳಿತ್ತು.

"ಇವತ್ತು ನಿಂತ್ತು ಅಜ್ಜಾರ. ಪೂರಾ ನಿಂತ್ತು."

"ಯಾವಾಗ?"

"ಹುಲಿಗೆಮ್ಮ ಕಾಲು ಮುಟ್ಟಿದಾಗ."

ಅಜ್ಜಾರು ಅವನನ್ನು ನೋಡಿದರು. ಅಂದು ಅವರು ಊಟಕ್ಕೆ ಏಳಲೇ ಇಲ್ಲವೆಂದು ಬಸಯ್ಯ ಆಮೇಲೆ ಹೇಳಿದ.

ಮರುದಿನ ಬೆಳಿಗ್ಗೆ ಅವರೇ ಬಂದು ಕರೆದರು. ಆಚೆ ದಂಡೆಗೆ ಹೋಗಬೇಕು, ಹರಿಗೋಲು ಇಳಿಸು ಎಂದರು.

ಜಂಬಣ್ಣ ಎಂದಿನಂತೆ ಬಾಗಿ ಹೊಲಿಗೆ ಒತ್ತಿ ನೋಡಿದ. ಗಟ್ಟಿಯಾಗಿತ್ತು. ಅಜ್ಜಾರು ಹತ್ತಿ, ಅವನು ಒತ್ತಿ ನೋಡಿದ ಜಾಗದ ಮೇಲೆಯೇ ಕುಳಿತರು.

ಹೊಳೆ ತುಂಬಿರಲಿಲ್ಲ, ಆದರೆ ನಡುವೆ ಆಳವಿತ್ತು. ಅಲ್ಲಿಗೆ ಬಂದಾಗ ಅಜ್ಜಾರು ಸೊಂಟದಿಂದ ಹೂ ಕೊಯ್ಯುವ ಚಾಕು ತೆಗೆದರು. ತಮ್ಮ ತೊಡೆಯ ಪಕ್ಕಕ್ಕೆ ಅದನ್ನು ಒತ್ತಿ, ಗೇಣುದ್ದ ಹೊಲಿಗೆಯನ್ನು ಸರ್ರನೆ ಹರಿದರು.

ನೀರು ಒಳಗೆ ಉಕ್ಕಿತು.

ಜಂಬಣ್ಣನ ಕೈಯಲ್ಲಿ ಹುಟ್ಟು ನಿಂತಿತು.

"ಕಣ್ಣು ಮುಚ್ಚು," ಎಂದರು ಅಜ್ಜಾರು. "ನಿನ್ನೆ ಮುಚ್ಚಿದ್ಯಲ್ಲ, ಹಂಗ."

"ಕಣ್ಣು ಮುಚ್ಚಿದ್ರ ತೂತು ಮುಚ್ಚತೈತೇನ್ರಿ ಅಜ್ಜಾರ?"

ಅಂದದ್ದು ಅವನ ಕಿವಿಗೇ ಬಿತ್ತು. ಅಜ್ಜಾರ ಕಾವಿ ತೊಯ್ದು ಕಪ್ಪಾಗುತ್ತಿತ್ತು. ಏನೂ ಅರಿಯದವರಂತೆ ಮೆಲ್ಲಗೆ ಕೇಳಿದರು.

"ಜಂಬಣ್ಣ, ತೊಡಿ ಕೆಳಗ ನೀರು ಬರಾಕತ್ತೈತಿ. ನಾ ಏಳ್ಲೇನು?"

ಹುಟ್ಟು ಅವನ ಕೈಯಿಂದ ಜಾರಿ ಹರಿಗೋಲೊಳಗೆ ಬಿತ್ತು.

"ಅಕಿನೂ ಹಿಂಗ ಕೇಳಿದ್ಲು," ಎಂದ. "ಅಣ್ಣಾ, ಕೆಳಗ ನೀರು ಬರಾಕತ್ತೈತಿ, ಏಳ್ಲೇನಣ್ಣಾ ಅಂತ ಕೇಳಿದ್ಲು. ಮೂರು ಸಲ ಕೇಳಿದ್ಲು ಅಜ್ಜಾರ. ಎಲ್ಲಾರಿಗೂ ತೂತು ಗೊತ್ತಾಗತೈತಿ ಅಂತ ನಾ ಕೇಳಿಸದವನಂಗ ಹುಟ್ಟು ಹಾಕಿದೆ."

"ನನಗರ ಹೇಳು. ಏಳ್ಲೋ, ಬ್ಯಾಡೋ?"

"ಏಳಬ್ಯಾಡ್ರಿ. ಸರದು ಕುಂದ್ರಿ. ನಾ ಮುಚ್ಚತೇನಿ."

ಹೆಗಲ ಮೇಲಿದ್ದ ಹುಲಿಗೆಮ್ಮನ ಟವೆಲನ್ನು ಎಳೆದು ಮುದ್ದೆ ಮಾಡಿ ಹರಿದಲ್ಲಿ ತುರುಕಿದ. ಮೇಲೆ ಹಿಮ್ಮಡಿ ಊರಿದ. ಹುಟ್ಟು ಹಿಡಿದು ಹೊಡೆದ. ಕಾಲುಗಂಟಿನ ತನಕ ನೀರು ಬಂದಾಗ ಹರಿಗೋಲು ಆಚೆ ದಂಡೆಯ ಉಸುಕಿಗೆ ತಾಗಿತು.

ಎದುರಿಗೇ ಊರು. ಮೊದಲ ಸಾಲಿನಲ್ಲಿಯೇ ಹುಲಿಗೆಮ್ಮನ ಮನೆ. ಬಾಗಿಲು ತೆರೆದಿತ್ತು. ಒಳಗಿನಿಂದ ಹೊಗೆ ಬರುತ್ತಿತ್ತು.

ಜಂಬಣ್ಣ ಇಳಿಯಲಿಲ್ಲ. ಸತ್ತ ಆ ಇಬ್ಬರ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ನಿಜ ಹೇಳಿದರೆ ತನ್ನನ್ನು ಜೀವಂತ ಬಿಡುವುದಿಲ್ಲ ಎಂದ.

"ಬಿಡಲಿಕ್ಕಿಲ್ಲ," ಎಂದರು ಅಜ್ಜಾರು.

ಹುಲಿಗೆಮ್ಮನೂ ಬಾಗಿಲು ಹಾಕಿಕೊಂಡಾಳು, ನೆಲದ ಮಣ್ಣು ತೂರಿ ಶಾಪ ಹಾಕಿಯಾಳು ಎಂದ.

"ಹಾಕಬಹುದು."

ಅವರು ಬಾಗಿ, ತೂತಿನಿಂದ ಟವೆಲನ್ನು ಎಳೆದು ತೆಗೆದರು. ಹಿಂಡಿದರು. ರಾಡಿ ನೀರು ಉಸುಕಿಗೆ ಇಳಿಯಿತು. ಅದನ್ನು ಬಿಡಿಸಿ ಅವನ ಹೆಗಲ ಮೇಲೆ ಹಾಕಿದರು. ಹರಿಗೋಲು ನಿಧಾನವಾಗಿ ತುಂಬಿ ಉಸುಕಿನ ಮೇಲೆ ಕುಳಿತುಬಿಟ್ಟಿತು. ಅದರಲ್ಲಿ ಮರಳಿ ಹೋಗುವಂತಿರಲಿಲ್ಲ.

ಜಂಬಣ್ಣ ಕೆಳಗಿಳಿದ. ನಾಲ್ಕು ಹೆಜ್ಜೆ ನಡೆದ. ಮತ್ತೆ ತಿರುಗಿ ನಿಂತ.

"ಹೇಳಿದ ಮ್ಯಾಲರ ನನ್ನ ಮನಸ್ಸು ನಿಂದ್ರತೈತೇನ್ರಿ ಅಜ್ಜಾರ?"

"ನಿನ್ನ ಮನಸ್ಸಿಂದು ನನಗ ಗೊತ್ತಿಲ್ಲ, ಜಂಬಣ್ಣ," ಎಂದರು ಅಜ್ಜಾರು. "ಮೂರು ವರ್ಷ ಆತು. ಆ ತಾಯಿ ತನ್ನ ಮಗಳ ಸಲುವಾಗಿ ಇನ್ನೂ ಅತ್ತಿಲ್ಲ."