ಉರಿಗಲ್ಲಿನ ಪೆಟ್ಟಿಗೆ

“ಕೇಳ್ರಪ್ಪೋ ಕೇಳಿ! ಅರಮನೆಯ ನೆಲಮಾಳಿಗೆಯಲ್ಲಿರುವ ಉರಿಗಲ್ಲುಗಳನ್ನು ಕಗ್ಗಲು ಬೆಟ್ಟದ ಗವಿಗೆ ಸಾಗಿಸಬೇಕಾಗಿದೆ. ಪೆಟ್ಟಿಗೆ ಮಾಡಬಲ್ಲವರು ಬಂದು ಅಮ್ಮಣ್ಣಿಯವರ ಮೂರು ಒಗಟುಗಳನ್ನು ಬಿಡಿಸಿ. ಬಿಡಿಸಿದವರು ತಾವು ಹೇಳಿದ ಪೆಟ್ಟಿಗೆಯ ಜೊತೆ ತಾವೇ ನಡೆಯಬೇಕು. ಗವಿ ಮುಟ್ಟಿದರೆ ಅರ್ಧ ರಾಜ್ಯ. ಅಮಾವಾಸ್ಯೆಯೊಳಗೆ ಯಾರೂ ಮುಟ್ಟದಿದ್ದರೆ ನೆಲಮಾಳಿಗೆಯ ಆಳುಗಳು ಹಳೇ ಪೆಟ್ಟಿಗೆಯಲ್ಲೇ ಕಲ್ಲು ಹೊತ್ತು ಹೊರಡತಕ್ಕದ್ದು!”

ಡಂಗುರ ಕೇಳಿದ ಊರುಗಳಲ್ಲಿ ಜನ ಬಾಗಿಲು ಹಾಕಿಕೊಂಡರು.

ರಾಜನ ಅಜ್ಜನ ಕಾಲದಿಂದ ಆ ಕಲ್ಲುಗಳೇ ಅರಮನೆಯನ್ನು ಬೆಚ್ಚಗಿಟ್ಟಿದ್ದವು. ಹೊಗೆಯಿಲ್ಲ, ಜ್ವಾಲೆಯಿಲ್ಲ. ಈಗ ಕಾವು ಇಳಿದಿತ್ತು, ವಿಷ ಇಳಿದಿರಲಿಲ್ಲ. ಹತ್ತಿರ ನಿಂತವರ ಕೂದಲು ಉದುರುತ್ತಿತ್ತು, ಒಸಡಿನಲ್ಲಿ ರಕ್ತ ಬರುತ್ತಿತ್ತು. ಹಿಂದಿನ ವರ್ಷ ಚಿಕ್ಕ ಅರಸು ಅವನ್ನು ಹಿತ್ತಾಳೆ ಪೆಟ್ಟಿಗೆಯಲ್ಲಿ ಒಯ್ಯುವಾಗ ಗಾಡಿ ಹಳ್ಳಕ್ಕೆ ಉರುಳಿತು, ಪೆಟ್ಟಿಗೆ ಬಿರಿಯಿತು. ನೀರಿನಡಿ ನೀಲಿ ಬೆಳಕು ಎದ್ದಿತು. ಬರಿಗೈಯಲ್ಲಿ ಕಲ್ಲು ಹೆಕ್ಕಲು ಇಳಿದವನನ್ನು ಅವನ ಅಕ್ಕ, ರಾಜಕುಮಾರಿ ದೇವಾಜಮ್ಮಣ್ಣಿ ಎಳೆದು ತಂದಳು. ಅವನು ಉಳಿಯಲಿಲ್ಲ. ಅವಳ ಬಲಗೈಗೆ ಅಂದಿನಿಂದ ಬಟ್ಟೆ ಸುತ್ತಿರುತ್ತಿತ್ತು.

ಆ ಹಿತ್ತಾಳೆ ಪೆಟ್ಟಿಗೆಯನ್ನು ಸಭೆಯ ನಡುವೆ ಇಡಿಸಿ, ಅದರ ಪಕ್ಕ ಕೂತು ಅವಳು ಒಗಟು ಹೇಳುತ್ತಿದ್ದಳು.

“ನನಗೊಬ್ಬ ಕಾವಲುಗಾರ ಬೇಕು. ಅವನು ಸೋತು ನುಚ್ಚುನುಗ್ಗಾದರೇ ನನ್ನ ಮನೆ ಉಳಿಯೋದು. ಯಾರವನು? ನನ್ನ ಮನೆಯಲ್ಲಿ ಇಬ್ಬರಿದ್ದಾರೆ. ಒಬ್ಬನನ್ನು ಹಗಲೂ ಇರುಳೂ ಹೊರಗೆ ಬಿಡಬೇಕು, ಇನ್ನೊಬ್ಬನನ್ನು ಎಂದಿಗೂ ಬಿಡಬಾರದು. ಗೋಡೆಗೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಹೇಗೆ? ಮನೆ ತುಂಬ ಅಕ್ಕತಂಗಿಯರು. ದೂರ ಕೂತರೆ ತೆಪ್ಪಗಿರುತ್ತಾರೆ, ಒತ್ತಿ ಕೂತರೆ ಕೆರಳುತ್ತಾರೆ, ನೀರು ನುಗ್ಗಿದರೆ ಕೊಲ್ಲುತ್ತಾರೆ. ಒಂದೇ ಮನೆಯಲ್ಲಿ ಹೇಗಿಡಲಿ?”

ಮೊದಲು ಬಂದವನು ದಳವಾಯಿ ವೀರರಾಜಯ್ಯ. “ಸೋಲುವ ಕಾವಲುಗಾರ ನಮಗ್ಯಾಕಮ್ಮಾ? ಗೇಣು ದಪ್ಪದ ಕಬ್ಬಿಣ ಹಾಕಿಸ್ತೀನಿ” ಎಂದು ಮೀಸೆ ನೀವಿದ. ದಾರಿಯ ಇಳಿಜಾರಿನಲ್ಲಿ ಕಬ್ಬಿಣದ ಪೆಟ್ಟಿಗೆ ಉರುಳಿ ಬಂಡೆಗೆ ಬಡಿಯಿತು. ಗೋಡೆ ಗಟ್ಟಿಯಾಗಿತ್ತು, ಮುಚ್ಚಳದ ಬೀಗ ಹಾರಿತು. ದಳವಾಯಿಯ ಕುದುರೆ ಮಾತ್ರ ಕೋಟೆಗೆ ಬಂತು. ಅದೂ ಸತ್ತಿತು.

ಆಮೇಲೆ ಪದ್ಮಯ್ಯ ಸೆಟ್ಟಿ ಪೆಟ್ಟಿಗೆಗೆ ಉಣ್ಣೆ, ಜೇಡಿಮಣ್ಣು, ಅರಗು ಎಲ್ಲ ಮೆತ್ತಿಸಿದ. “ಇಬ್ಬರನ್ನೂ ಬಿಡಲ್ಲ. ಇರುವೆಯೂ ಈಚೆ ಬರಲ್ಲ, ತಾಯಿ.” ಇರುವೆ ಬರಲಿಲ್ಲ. ಹೊರಬರಲಾರದ ಕಾವು ಒಳಗೇ ಬೆಳೆದು ಪೆಟ್ಟಿಗೆ ಮಧ್ಯಾಹ್ನದ ಹೊತ್ತಿಗೆ ದಾರಿಯಲ್ಲೇ ಸೀಳಿಹೋಯಿತು. ಆ ಬಯಲಲ್ಲಿ ಈಗಲೂ ಯಾರೂ ದನ ಮೇಯಿಸುವುದಿಲ್ಲ.

ಅಮಾವಾಸ್ಯೆಗೆ ಸ್ವಲ್ಪವೇ ದಿನ ಉಳಿದಾಗ ಮೇಕೆ ಕಾಯುವ ಜುಂಜ ಬಂದ. ಅವನಣ್ಣ ಚಿತ್ತಯ್ಯ ನೆಲಮಾಳಿಗೆಯ ಆಳು. ಹಳೇ ಪೆಟ್ಟಿಗೆ ಹೊರಬೇಕಾದವರಲ್ಲಿ ಒಬ್ಬ.

“ಏನೋ, ಮೇಕೆ ತಪ್ಪಿಸ್ಕೊಂಡು ಇಲ್ಲಿಗೆ ಬಂತಾ?” ಎಂದ ಬಾಗಿಲ ಭಟ.

“ಇಲ್ಲ ಸ್ವಾಮಿ. ಅಣ್ಣ ತಪ್ಪಿಸ್ಕೊಳ್ಳಲಿ ಅಂತ ಬಂದೆ.”

ಸಭೆಯಲ್ಲಿ ಮೂರು ಒಗಟು ಕೇಳಿದ ಮೇಲೆ ಅವನು ಹಿತ್ತಾಳೆ ಪೆಟ್ಟಿಗೆಯ ಸುತ್ತ ಕುಕ್ಕರುಗಾಲಲ್ಲಿ ಸರಿಯುತ್ತ, ಬಿರಿದ ಮೂಲೆಯನ್ನು ಬಹಳ ಹೊತ್ತು ನೋಡಿದ.

“ಮಾತಾಡೋ” ಎಂದ ರಾಜ.

“ಬುದ್ದೀ, ಪೆಟ್ಟಿಗೆ ಬೀಳುತ್ತೆ.”

ಸಭೆ ಹೌಹಾರಿತು. ಹೊರಡುವ ಮುಂಚೆ ಬೀಳುವ ಮಾತು ಆಡಬಾರದೆಂಬುದು ಆ ಮನೆತನದ ಕಟ್ಟಳೆ. ಅದಕ್ಕೇ ಚಿಕ್ಕ ಅರಸು ಹೊರಟಾಗಲೂ ಯಾರೂ ಆ ಮಾತು ಎತ್ತಿರಲಿಲ್ಲ. ಪುರೋಹಿತರು ಕಿವಿ ಮುಚ್ಚಿಕೊಂಡರು. “ಇವನ ನಾಲಿಗೆ ಕೀಳಿಸಿ!”

“ಬಿಡಿ. ಹೇಳಲಿ” ಎಂದಳು ದೇವಾಜಮ್ಮಣ್ಣಿ.

“ಬೀಳದೇ ಇರೋ ಹಾಗೆ ಎಲ್ರೂ ಮಾಡಿದ್ರು ಅಮ್ಮಾವ್ರೇ. ಬಿದ್ದ ಮೇಲೆ ಏನಾಗ್ಬೇಕು ಅಂತ ಯಾರೂ ಮಾಡ್ಲಿಲ್ಲ. ಪೆಟ್ಟಿಗೆಯ ಎರಡು ತುದಿಗೂ ಬೂರುಗದ ಮರದ ದಪ್ಪ ದಿಂಡು ಕಟ್ಟಿಸಿ. ಹಗುರ ಮರ, ಬಿದ್ದರೆ ಪುಡಿಯಾಗುತ್ತೆ. ಪೆಟ್ಟೆಲ್ಲ ಅದೇ ತಿನ್ನುತ್ತೆ, ಮುಚ್ಚಳಕ್ಕೆ ತಟ್ಟಲ್ಲ. ಸೋಲೋ ಕಾವಲುಗಾರ ಅವನೇ.”

“ಇಬ್ಬರು?”

“ಕಾವು, ವಿಷ. ಒಳಗೆ ದಪ್ಪ ಸೀಸ, ವಿಷ ದಾಟಲ್ಲ. ಹೊರಮೈಗೆ ತಾಮ್ರದ ರೆಕ್ಕೆಗಳು, ಪಕ್ಕೆಲುಬಿನ ಹಾಗೆ. ಕಾವು ಅವುಗಳ ಗುಂಟ ಗಾಳಿಗೆ ಹೋಗುತ್ತೆ. ಬಾಗಿಲು ಬೇಡ.”

“ಅಕ್ಕತಂಗಿಯರು?” ಅವಳ ದನಿ ಇಳಿದಿತ್ತು.

“ನೆಲಮಾಳಿಗೇಲಿ ಕಲ್ಲುಗಳ ನಡುವೆ ಕರಿಮರಳು ತುಂಬಿರ್ತಾರಂತೆ, ಅದು ಅವುಗಳ ಸಿಟ್ಟು ಕುಡಿಯುತ್ತಂತೆ. ನಮ್ಮಣ್ಣ ಹೇಳ್ತಿದ್ದ. ಆ ಮರಳು ತುಂಬಿದ ಗೋಡೆ ಕಟ್ಟಿ, ಕಲ್ಲಿಗೊಂದು ಕೋಣೆ ಮಾಡಿ. ಗೋಡೆ ಅಲುಗಬಾರದು. ಪೆಟ್ಟಿಗೆ ತಲೆಕೆಳಗಾದರೂ, ಹಳ್ಳದ ನೀರೇ ನುಗ್ಗಿದರೂ ಒಂದನ್ನೊಂದು ಸೇರಬಾರದು.”

ಅವಳು ಬಟ್ಟೆ ಸುತ್ತಿದ ಕೈಯನ್ನು ಮಡಿಲಿಗೆಳೆದುಕೊಂಡಳು.

“ಉತ್ತರ ಸರೀನಾ ಅಮ್ಮಾವ್ರೇ?”

“ನಂಗೂ ಗೊತ್ತಿಲ್ಲ. ನನ್ನ ತಮ್ಮ ಯಾಕೆ ಸತ್ತ ಅನ್ನೋದಷ್ಟೇ ಗೊತ್ತು. ಸರಿಯೋ ತಪ್ಪೋ ಅಂತ ರಸ್ತೆ ಹೇಳುತ್ತೆ.”

“ರಸ್ತೆ ಹೇಳೋಕೆ ಮುಂಚೆ ನಾವೇ ಕೇಳೋಣ. ಕಲ್ಲಿಲ್ಲದ ಪೆಟ್ಟಿಗೇನ ಕೋಟೆ ಮೇಲಿಂದ ತಳ್ಳೋಣ. ಅದನ್ನೇ ಬೆಂಕಿಗೆ ಹಾಕೋಣ, ಅದನ್ನೇ ಕೆರೇಲಿ ಮುಳುಗಿಸೋಣ. ಸಾಯೋದಿದ್ರೆ ಪೆಟ್ಟಿಗೆ ಸಾಯ್ಲಿ.”

ಮೊದಲ ಪೆಟ್ಟಿಗೆ ಸತ್ತಿತು, ಬೆಂಕಿಯಲ್ಲಿ ಸೀಸ ಕರಗಿ ಹರಿಯಿತು. ಸೀಸಕ್ಕೆ ಉಕ್ಕಿನ ಕವಚ ತೊಡಿಸಿದರು. ಎರಡನೆಯದು ಬಿತ್ತು, ಬೆಂಕಿಯಲ್ಲಿ ಬೆಂದಿತು, ಮುಳುಗಿತು. ತೆರೆದರೆ ಕೋಣೆಗಳು ನೆಟ್ಟಗಿದ್ದವು, ಒಳಗೆ ಒಂದು ಹನಿ ನೀರಿರಲಿಲ್ಲ. ಅದೇ ಅಚ್ಚಿನಲ್ಲಿ ಹೊಸದು ಮಾಡಿ ಕಲ್ಲು ತುಂಬಿದರು. ಜುಂಜ ಗಾಡಿಯ ಪಕ್ಕ ನಡೆದ. ಎತ್ತು ಹೊಡೆದವನು ಚಿತ್ತಯ್ಯ. ತಮ್ಮನೊಬ್ಬನನ್ನೇ ಕಳಿಸಲು ಅವನು ಒಪ್ಪಲಿಲ್ಲ.

ಹಳ್ಳದ ತಿರುವಿನಲ್ಲಿ ಗಾಡಿಯ ಅಚ್ಚು ಮುರಿಯಿತು. ಪೆಟ್ಟಿಗೆ ಬಂಡೆಯಿಂದ ಬಂಡೆಗೆ ಬಡಿದು ನೀರಿಗೆ ಬಿತ್ತು.

ಜೊತೆಗೆ ಬಂದಿದ್ದ ಭಟರೆಲ್ಲ ಓಡಿದರು. ಜುಂಜ ತಿರುಗಿ ನೋಡುವಷ್ಟರಲ್ಲಿ ಅಣ್ಣ ಹಳ್ಳಕ್ಕೆ ಇಳಿದಾಗಿತ್ತು.

“ಅಣ್ಣಾ! ಬೆಳಕೇನಾದ್ರೂ ಕಾಣ್ತಾ?”

ಕೆಳಗೆ ಚಿತ್ತಯ್ಯ ಪೆಟ್ಟಿಗೆಯನ್ನು ಸುತ್ತಲೂ ತಡಕಿದ.

“ದಿಂಡೆಲ್ಲ ಪುಡಿಯಾಗೈತೆ ಕಣ್ಲಾ. ಬೆಳಕಿಲ್ಲ. ಮುಚ್ಚಳ ಹಂಗೇ ಐತೆ. ಹಗ್ಗ ಇಳಿಸು, ಚಳಿಯಾಗ್ತೈತೆ.”

ಪೆಟ್ಟಿಗೆ ಗವಿ ಮುಟ್ಟಿತು. ರಾಜ ಸಭೆಯಲ್ಲಿ ನಕಾಶೆ ಹರಡಿ, ರಾಜ್ಯದ ಯಾವ ಅರ್ಧ ಬೇಕೆಂದು ಕೇಳಿದ. ಗದ್ದೆಗಳಿರುವ ಕಡೆಗೆ ಮಂತ್ರಿಗಳೇ ಬೆರಳು ತೋರಿಸಿದರು.

“ಗವಿಗೆ ಹೋಗೋ ರಸ್ತೆ ಇರೋ ಅರ್ಧ ಕೊಡಿ ಬುದ್ದಿ” ಎಂದ ಜುಂಜ.

ನೆಲಮಾಳಿಗೆಯಲ್ಲಿ ಸಾಗಿಸಬೇಕಾದ ಕಲ್ಲುಗಳು ಇನ್ನೂ ಇದ್ದವು.