ಪಿ.ಟಿ. ಮೇಡಂ ಜೋಡಿಸಿದ ಕಪ್ಪು ಪೆಟ್ಟಿಗೆ

ಚಿತ್ರದುರ್ಗದಲ್ಲಿ ಅಂಬುಜಾಕ್ಷಿ ಅಂತ ಒಬ್ಬ ಪಿ.ಟಿ. ಮೇಡಂ ಇದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳನ್ನು ಆಡಿಸಿ ನಿವೃತ್ತರಾಗಿದ್ದರು. ಖೋ ಖೋ, ಕಬಡ್ಡಿ, ಓಟ, ಯಾವುದಕ್ಕೂ ಸೈ. ಆದರೆ ನಿವೃತ್ತಿಯ ಹೊತ್ತಿಗೆ ಎರಡೂ ಮಂಡಿ ಸವೆದುಹೋಗಿದ್ದವು. "ಮನೆಯೊಳಗೆ ಓಡಾಡಿಕೊಂಡಿರಿ, ಅಷ್ಟೇ ಸಾಕು. ಓಟಗೀಟ ಮರೆತುಬಿಡಿ" ಎಂದಿದ್ದರು ಡಾಕ್ಟರು.

ಮೇಡಂ ಮದುವೆಯಾಗಿರಲಿಲ್ಲ. ಒಂದು ಸಣ್ಣ ಸ್ವಂತ ಮನೆ, ಪೆನ್ಷನ್ನು, ಒಂದು ಟಿವಿ. ದಿನ ಕಳೆಯುವುದೇ ಕಷ್ಟವಾಗಿತ್ತು.

ಒಮ್ಮೆ ದಾವಣಗೆರೆಗೆ ತಂಗಿಯ ಮನೆಗೆ ಹೋದರು. ತಂಗಿಯ ಮಗಳು ನಿಹಾರಿಕಾ ಕಂಪ್ಯೂಟರಿನಲ್ಲಿ ಏನೋ ಆಡುತ್ತಿದ್ದಳು. ಕಾಡಿನಲ್ಲಿ ಓಡಬೇಕು, ಬಂಡೆ ಹತ್ತಬೇಕು, ಹಳ್ಳ ಹಾರಬೇಕು. ಅಂಥ ಆಟ. "ದೊಡ್ಡಮ್ಮ, ನೀವೂ ಒಂದ್ಸಲ ಆಡಿ" ಎಂದು ಆಟದ ರಿಮೋಟನ್ನು ಕೈಗೆ ಕೊಟ್ಟಳು. ಮೇಡಂ ಮೊದಲ ಹಳ್ಳದಲ್ಲೇ ಬಿದ್ದರು. ಎರಡನೆಯ ಸಲವೂ ಬಿದ್ದರು. ಮೂರನೆಯ ಸಲ ಹಾರಿ ಆಚೆ ದಡದಲ್ಲಿ ನಿಂತಾಗ ಅವರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹಿಂದೆ ಮೈದಾನದಲ್ಲಿ ಆಟ ಗೆದ್ದ ದಿನ ಹೊಡೆದುಕೊಳ್ಳುತ್ತಿತ್ತಲ್ಲ, ಥೇಟ್ ಹಾಗೇ.

ಊರಿಗೆ ಬಂದವರೇ ತೀರ್ಮಾನ ಮಾಡಿದರು. ನನಗೂ ಒಂದು ಬೇಕು.

ತಮ್ಮ ಸದಾನಂದ ಅದೇ ಬೀದಿಯ ತುದಿಯಲ್ಲಿದ್ದ. ವಿಷಯ ಕೇಳಿ ನಗು ತಡೆಯಲಾಗಲಿಲ್ಲ ಅವನಿಗೆ.

"ಅಕ್ಕ, ಯಾರಿಗೆ ಕಂಪ್ಯೂಟರು?"

"ನನಗೆ."

"ಏನ್ ಮಾಡೋಕೆ?"

"ಆಡೋಕೆ."

ಅವನ ನಗು ನಿಂತಿತು. "ಕಾಶಿಗೆ ಹೋಗ್ತೀನಿ ಅಂತ ದುಡ್ಡು ಕೂಡಿಟ್ಟಿದ್ದೆಯಲ್ಲ?"

"ಅದೇ ದುಡ್ಡು."

"ಈ ವಯಸ್ಸಲ್ಲಿ ವಿಡಿಯೋ ಗೇಮಾ? ನಮ್ಮ ಮಾನ ಏನಾಗ್ಬೇಕು? ಬೀದಿಯವರು ಏನಂದ್ಕೋತಾರೆ?"

"ಬೀದಿಯವರಿಗೆ ಆಡೋಕೆ ಮನಸ್ಸಿದ್ರೆ ಬರ್ಲಿ. ಕಲಿಸ್ತೀನಿ" ಎಂದರು ಮೇಡಂ.

ಮಾತಿನಲ್ಲೇನೋ ಗೆದ್ದರು. ಆದರೆ ತಮ್ಮನ ನಗು ಒಳಗೆ ಚುಚ್ಚಿಕೊಂಡು ಕೂತಿತು.

ನೋಡಿ, ಮೇಡಂ ಕೈಯಲ್ಲಿದ್ದ ಹಣ ಹೆಚ್ಚೇನಲ್ಲ. ರೆಡಿಮೇಡ್ ಗೇಮಿಂಗ್ ಕಂಪ್ಯೂಟರಿನ ಬೆಲೆ ನೋಡಿದರೆ ತಲೆ ತಿರುಗುತ್ತಿತ್ತು. "ಬಿಡಿ ಭಾಗ ಕೊಂಡು ನೀವೇ ಜೋಡಿಸಿ ದೊಡ್ಡಮ್ಮ, ಅದೇನು ಬ್ರಹ್ಮವಿದ್ಯೆ ಅಲ್ಲ" ಎಂದಳು ನಿಹಾರಿಕಾ. ದಿನಾ ಸಂಜೆ ಫೋನಿನಲ್ಲಿ ಪಾಠ ನಡೆಯಿತು. ಆಟದ ಚಿತ್ರಗಳನ್ನು ಬಿಡಿಸುವುದು ಗ್ರಾಫಿಕ್ಸ್ ಕಾರ್ಡು. ಹಣದ ದೊಡ್ಡ ಪಾಲು ಅದಕ್ಕೆ ಹೋಗಬೇಕು. ಕಂಪ್ಯೂಟರಿನ ಮಿದುಳು ಪ್ರೊಸೆಸರು. ಅದು ಮಧ್ಯಮದ್ದು ಸಾಕು, ಆದರೆ ಈಚಿನದಾಗಿರಬೇಕು. ಪರದೆಗೆ ಮನೆಯ ಟಿವಿಯೇ ಆಗುತ್ತದೆ. ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬಿ ಒಂದಿದೆ, ಅಂಗಡಿಯವರು ಅದನ್ನು ಎಸ್ಎಂಪಿಎಸ್ ಅನ್ನುತ್ತಾರೆ. ಅದರಲ್ಲಿ ಮಾತ್ರ ಜಿಪುಣತನ ಕೂಡದು. ಅದು ಕೆಟ್ಟರೆ ತಾನೊಂದೇ ಸಾಯುವುದಿಲ್ಲ, ಮಿಕ್ಕವರನ್ನೂ ಕರೆದುಕೊಂಡು ಹೋಗುತ್ತದೆ.

"ಮತ್ತೆ ಹೊರಗಿನ ಪೆಟ್ಟಿಗೆ?" ಎಂದು ಕೇಳಿದರು ಮೇಡಂ.

"ಗಾಳಿ ಆಡಿದ್ರೆ ಸಾಕು ದೊಡ್ಡಮ್ಮ. ಅದು ಬಟ್ಟೆ ಇದ್ದ ಹಾಗೆ."

ಒಂದು ಶನಿವಾರ ಮೇಡಂ ಕೋಲೂರಿಕೊಂಡು ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಗೆ ಹೋದರು. ಮಾಲೀಕ ರಾಜಶೇಖರ ಎದ್ದು ನಿಂತು ಕುರ್ಚಿ ಕೊಟ್ಟ.

"ಮೊಮ್ಮಗನಿಗಾ ಮೇಡಂ?"

"ಅಲ್ಲಪ್ಪ, ನನಗೆ."

ಅಂಗಡಿಯಲ್ಲಿದ್ದ ಮೂರ್ನಾಲ್ಕು ಕಾಲೇಜು ಹುಡುಗರು ತಿರುಗಿ ನೋಡಿದರು. ಒಬ್ಬ ಇನ್ನೊಬ್ಬನ ಪಕ್ಕೆಗೆ ಮೊಣಕೈಯಿಂದ ತಿವಿದ.

ರಾಜಶೇಖರ ವ್ಯಾಪಾರ ಬಲ್ಲವನು. ನಗಲಿಲ್ಲ. ಸೀದಾ ಹೋಗಿ ಮೂಲೆಯಲ್ಲಿದ್ದ ಒಂದು ಸ್ವಿಚ್ ಒತ್ತಿದ. ಗಾಜಿನ ಪೆಟ್ಟಿಗೆಯ ಕಂಪ್ಯೂಟರೊಂದು ಝಗ್ಗನೆ ಹೊತ್ತಿಕೊಂಡಿತು. ಒಳಗೆ ನಾಲ್ಕು ಫ್ಯಾನು. ಕೆಂಪು, ನೀಲಿ, ಹಸಿರು, ನೇರಳೆ, ಬಣ್ಣಗಳು ಒಂದರೊಳಗೊಂದು ಕರಗಿ ಸುತ್ತುತ್ತಿದ್ದವು.

"ನಿಮ್ಮ ಬಜೆಟ್ಟಿಗೆ ಸರಿಯಾಗಿ ಕೂರುತ್ತೆ ಮೇಡಂ. ದೊಡ್ಡ ಹೆಸರಿನ ಪ್ರೊಸೆಸರು. ಮನೆ ಹಾಲಿನಲ್ಲಿಟ್ಟರೆ ಬಂದೋರೆಲ್ಲ ಬಾಯಿ ಬಿಟ್ಕೊಂಡು ನೋಡ್ಬೇಕು!"

ಮೇಡಂ ನಿಜವಾಗಿಯೂ ನೋಡುತ್ತ ನಿಂತುಬಿಟ್ಟರು. ಎಷ್ಟು ಚೆನ್ನಾಗಿತ್ತು ಅದು! ಸದಾನಂದ ಬಾಗಿಲಲ್ಲಿ ಕಾಲಿಟ್ಟು ಇದನ್ನು ಕಂಡು ತಬ್ಬಿಬ್ಬಾಗುವುದು ಕಣ್ಣಿಗೆ ಕಟ್ಟಿತು. ಬೀದಿಯವರು ಕಿಟಕಿಯಲ್ಲಿ ಇಣುಕುವುದು ಕಂಡಿತು. ಈ ತಿವಿದುಕೊಳ್ಳುವ ಹುಡುಗರಿಗೂ ಉತ್ತರವಾಗುತ್ತದೆ. ನಕ್ಕವರೆಲ್ಲರ ಬಾಯಿ ಒಂದೇ ಏಟಿಗೆ ಮುಚ್ಚುತ್ತದೆ. ಅವರ ಕೈ ತಾನಾಗಿಯೇ ವ್ಯಾನಿಟಿ ಬ್ಯಾಗಿನ ಜಿಪ್ಪಿಗೆ ಹೋಯಿತು.

ಹೋದ ಕೈ ಅಲ್ಲೇ ನಿಂತಿತು.

"ಇದರಲ್ಲಿ ಗ್ರಾಫಿಕ್ಸ್ ಕಾರ್ಡು ಯಾವುದಿದೆ?"

"ಅದು... ಸದ್ಯಕ್ಕೆ ಇಲ್ಲ ಮೇಡಂ. ಮುಂದೆ ಯಾವಾಗಾದ್ರೂ ಹಾಕಿಸ್ಕೋಬಹುದು."

"ಪ್ರೊಸೆಸರು ಯಾವ ಕಾಲದ್ದು?"

"ಸ್ವಲ್ಪ ಹಳೇದು. ಆದ್ರೆ ಹೆಸರು ನೋಡಿ ಮೇಡಂ, ಹೆಸರು!"

"ಕರೆಂಟಿನ ಡಬ್ಬಿ?"

"ಲೋಕಲ್ಲು. ಒಳಗಿರೋ ಸಾಮಾನು, ಅದನ್ನ ಯಾರು ನೋಡ್ತಾರೆ?"

ಮೇಡಂಗೆ ಎಲ್ಲ ಸ್ಪಷ್ಟವಾಯಿತು. ಇದನ್ನು ಕೊಂಡರೆ ಸದಾನಂದನಿಗೆ ಕೊಂಡ ಹಾಗಾಯಿತು, ಬೀದಿಗೆ ಕೊಂಡ ಹಾಗಾಯಿತು. ಕಾಶಿ ಬಿಟ್ಟಿದ್ದು ಓಡುವುದಕ್ಕೆ. ಈ ಪೆಟ್ಟಿಗೆಯೋ ನಿಂತಲ್ಲೇ ಮಿನುಗುತ್ತದೆ, ಓಡುವುದಿಲ್ಲ.

"ಬೇಡಪ್ಪ" ಎಂದರು. ತಮಗೆ ಬೇಕಾದ ಭಾಗಗಳನ್ನು ಒಂದೊಂದಾಗಿ ಹೇಳಿದರು. "ಇವನ್ನ ತರಿಸಿಕೊಡ್ತೀಯಾ?"

ರಾಜಶೇಖರನ ಮುಖ ಸಣ್ಣದಾಯಿತು. "ತರಿಸ್ಬಹುದು. ಆದ್ರೆ ನಾನು ಜೋಡಿಸಿ ಕೊಡಲ್ಲ. ಆನ್ ಆಗ್ಲಿಲ್ಲ ಅಂತ ನನ್ ಹತ್ರ ಬರಬಾರದು. ಮಂಡಿ ನೋವು ಬೇರೆ ನಿಮಗೆ. ಯಾಕೆ ಮೇಡಂ ಈ ಹಟ?"

"ಮಂಡಿ ನೋಯ್ತಿದೆ. ಕೈ ಚೆನ್ನಾಗಿದೆ" ಎಂದು ಮೇಡಂ ಕೋಲು ತಗೊಂಡರು.

ರಾಜಶೇಖರ ತರಿಸಿದ ಭಾಗಗಳು ಬೇರೆ ಬೇರೆ ಕಡೆಯಿಂದ ಬಂದವು. ಒಳ್ಳೆಯ ಎಸ್ಎಂಪಿಎಸ್ ತಗೊಂಡ ಮೇಲೆ ಆಸೆಪಟ್ಟ ಗ್ರಾಫಿಕ್ಸ್ ಕಾರ್ಡಿಗೆ ಹಣ ಸಾಲಲಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ತಗೊಂಡರು. ಬೇಸರವೇನೋ ಆಯಿತು, ಅದನ್ನು ಮುಚ್ಚಿಡುವುದು ಬೇಡ. ಪೆಟ್ಟಿಗೆ ಮಾತ್ರ ಅಂಗಡಿಯಲ್ಲಿ ಸಿಕ್ಕುವುದರಲ್ಲೇ ಅಗ್ಗದ್ದು. ಕಪ್ಪು ತಗಡು, ಮುಂದೆ ಜಾಲರಿ. ಒಂದು ದೀಪವೂ ಇಲ್ಲ.

ಎಲ್ಲ ಬಂದು ಸೇರಿದ ಮೇಲೆ ಒಂದು ಭಾನುವಾರ ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತರು. ನಿಹಾರಿಕಾ ಫೋನಿನಲ್ಲಿ ಹೇಳುತ್ತ ಹೋದಳು, ಮೇಡಂ ಜೋಡಿಸುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಸದಾನಂದ ಹೆಂಡತಿಯ ಜೊತೆ ಬಂದ. ಕರೆದಿರಲಿಲ್ಲ. ತಮಾಷೆ ನೋಡಲು ಬಂದಿದ್ದ.

ಮೇಡಂ ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು. ಟಿವಿಯಲ್ಲಿ ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದರು. ಸಿಗ್ನಲ್ ಇಲ್ಲ ಎಂದಿತು ಟಿವಿ.

"ಅಷ್ಟೊಂದು ದುಡ್ಡು ಹಾಕಿ ಒಂದು ಟೇಬಲ್ ಫ್ಯಾನ್ ಮಾಡ್ಕೊಂಡೆಯಲ್ಲ ಅಕ್ಕ!" ಎಂದ ಸದಾನಂದ. ಆಮೇಲೆ ದನಿ ಇಳಿಸಿ, "ನಾಳೆ ಇದನ್ನೆಲ್ಲ ಆ ರಾಜಶೇಖರನ ಅಂಗಡಿಗೆ ಕೊಟ್ಟುಬಿಡೋಣ. ಬಂದಷ್ಟು ಬರ್ಲಿ. ನಾನೇ ಹೋಗಿ ಮಾತಾಡ್ತೀನಿ" ಎಂದ.

ಮೇಡಂ ಕಿವಿ ಬಿಸಿಯಾಯಿತು. ಕಣ್ಣೂ ತುಂಬಿತು. ಆದರೂ ಪ್ಲಗ್ ಕಿತ್ತು, ಪೆಟ್ಟಿಗೆಯ ಬಾಗಿಲು ತೆಗೆದು, ಮತ್ತೆ ಒಳಗೆ ಬಗ್ಗಿದರು.

"ದೊಡ್ಡಮ್ಮ, ಆ ಎರಡು ಉದ್ದ ಪಟ್ಟಿ, ರ‍್ಯಾಮ್, ಸರಿಯಾಗಿ ಕೂತಿದೆಯಾ?" ಎಂದಳು ನಿಹಾರಿಕಾ ಫೋನಿನೊಳಗಿಂದ. "ಟಕ್ ಅಂತ ಸದ್ದು ಬಂದಿತ್ತಾ?"

ಬಂದಿರಲಿಲ್ಲ. ಎಲ್ಲಿ ಮುರಿದೀತೋ ಎಂಬ ಭಯಕ್ಕೆ ಮೇಡಂ ಆ ಪಟ್ಟಿಗಳನ್ನು ಹೂವಿನ ಹಾಗೆ ಒತ್ತಿದ್ದರು. ಈಗ ಎರಡು ಹೆಬ್ಬೆರಳೂ ಇಟ್ಟು ಗಟ್ಟಿಯಾಗಿ ಒತ್ತಿದರು. ಟಕ್. ಇನ್ನೊಂದನ್ನೂ ಒತ್ತಿದರು. ಟಕ್.

ಸ್ವಿಚ್ ಹಾಕಿದರು. ಈ ಸಲ ಟಿವಿಯಲ್ಲಿ ಬಿಳಿ ಅಕ್ಷರಗಳು ಸಾಲಾಗಿ ಮೂಡಿದವು. ನಿಹಾರಿಕಾ ಅಲ್ಲಿಂದಲೇ ಕೇಕೆ ಹಾಕಿದಳು. ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡರು.

ಮರುದಿನದಿಂದ ನೋಡಲು ಬರುವವರು ಶುರುವಾದರು. ಪಕ್ಕದ ಮನೆಯ ಗೌರಮ್ಮ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, "ಇಷ್ಟೇನಾ? ಲೈಟೂ ಇಲ್ಲ, ಏನೂ ಇಲ್ಲ!" ಎಂದರು.

"ಇಷ್ಟೇ" ಎಂದರು ಮೇಡಂ. ಕಾಫಿ ಕೊಟ್ಟು ಕಳಿಸಿದರು.

ಅಂಗಡಿಯ ಆ ಗಾಜಿನ ಪೆಟ್ಟಿಗೆಯನ್ನು ಬೇರೆ ಯಾರೋ ಕೊಂಡರಂತೆ. ಅದು ಚೆನ್ನಾಗಿ ನಡೆಯುತ್ತಿದೆಯೋ ಕೆಟ್ಟಿತೋ ಮೇಡಂ ವಿಚಾರಿಸಲಿಲ್ಲ. ವಿಚಾರಿಸಲು ಅವರಿಗೆ ಪುರುಸೊತ್ತಿರಲಿಲ್ಲ.

ಆ ವಾರದ ಕೊನೆಗೆ ಸದಾನಂದ ಮತ್ತೆ ಬಂದ. ಟಿವಿಯ ತುಂಬ ಬೆಟ್ಟ, ಬೆಟ್ಟದ ಮೇಲೆ ಬಿಸಿಲು. ಬೆಟ್ಟದ ಅಂಚಿನಲ್ಲಿ ಒಬ್ಬ ಹೆಂಗಸು ಓಡುತ್ತಿದ್ದಳು. ಕುರ್ಚಿಯ ತುದಿಯಲ್ಲಿ ಕೂತ ಅಕ್ಕ ಉಸಿರು ಬಿಗಿಹಿಡಿದಿದ್ದರು. ಕಾಲ ಬೆರಳುಗಳು ನೆಲವನ್ನು ಒತ್ತುತ್ತಿದ್ದವು. ಬಂಡೆ ಜಾರಿತು, ಬಿದ್ದರು. ಮತ್ತೆ ಮೊದಲಿನಿಂದ ಓಡಿದರು.

ಸದಾನಂದ ಬಾಗಿಲಲ್ಲೇ ನಿಂತು ನೋಡಿದ. ನಗಬೇಕೆಂದು ಬಂದಿದ್ದರೂ ಯಾಕೋ ನಗು ಬರಲಿಲ್ಲ. ಏನಾದರೂ ಹೇಳಲೇಬೇಕಲ್ಲ ಎಂದು ಮುಂದೆ ಬಂದು ಕೇಳಿದ:

"ಅಲ್ಲ ಅಕ್ಕ, ಇದೆಲ್ಲ ಯಾರಿಗೆ ತೋರಿಸೋಕೆ?"

"ಯಾರಿಗೂ ಅಲ್ಲ" ಎಂದರು ಅಂಬುಜಾಕ್ಷಿ ಮೇಡಂ, ಕಣ್ಣು ಕದಲಿಸದೆ. "ಟಿವಿಗೆ ಅಡ್ಡ ನಿಂತಿದ್ದೀಯ. ಆ ಕಡೆ ಸರಿ."

ನೀತಿ: ಕೈಯಲ್ಲಿರುವುದು ಸ್ವಲ್ಪವೇ ಆದಾಗ ಅದನ್ನು ಕೆಲಸಕ್ಕೆ ಬರುವುದರ ಮೇಲೆ ಹಾಕಬೇಕು, ಕಣ್ಣು ಕುಕ್ಕುವುದರ ಮೇಲಲ್ಲ. ನಕ್ಕವರ ಬಾಯಿ ಮುಚ್ಚಿಸಲು ಕೊಂಡದ್ದು ಕೊನೆಗೂ ನಕ್ಕವರದ್ದೇ ಆಗುತ್ತದೆ. ನಮ್ಮ ಸಂತೋಷವನ್ನು ನಾವೇ ಆರಿಸಿಕೊಳ್ಳಬೇಕು, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.