ಹುಣಸೆ ನೀರು ಕುಡಿದ ಮಣ್ಣು

"ಗುರುಗಳೇ, ಕ್ಷಮಿಸಿದ ಮೇಲೂ ಕಹಿ ಒಳಗೇ ಉಳಿದಿದ್ದರೆ, ಆ ಕ್ಷಮೆ ಸುಳ್ಳೆ?" ಎಂದು ದಾಕ್ಷಾಯಿಣಿ ಎಂಬ ಶಿಷ್ಯೆ ಕೇಳಿದಳು.

ತಾಯಿ ತೀರಿಕೊಂಡಾಗ ಅಣ್ಣ ಅವಳಿಗೆ ಹೇಳಿ ಕಳಿಸಿರಲಿಲ್ಲ. ಕೊನೆಯ ಸಲ ಮುಖ ನೋಡುವುದೂ ಆಗಲಿಲ್ಲ. ಆದರೂ ಅಣ್ಣನ ಪುಟ್ಟ ಮಗಳು ಅತ್ತೆ ಅತ್ತೆ ಎಂದು ಜೋತುಬೀಳುತ್ತಿದ್ದುದರಿಂದ ಹೋಗಿಬರುವುದನ್ನು ಬಿಟ್ಟಿರಲಿಲ್ಲ. ಈಗ, ನಾಳೆಯೇ ಹೋಗಿ ಅಣ್ಣನನ್ನು ಎದುರು ಕೂರಿಸಿಕೊಂಡು ಒಳಗಿರುವುದನ್ನೆಲ್ಲ ಕಾರಿಕೊಂಡು ಬರುತ್ತೇನೆ, ಆಗಲಾದರೂ ಮನಸ್ಸು ಚೊಕ್ಕಟವಾದೀತು ಎಂದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬನು ತನ್ನ ಹಿತ್ತಲಿನಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದ. ಪಕ್ಕದಲ್ಲೇ ಹೆಂಡತಿಯ ಸೊಪ್ಪಿನ ಪಾತಿ. ಸೀಸ ಮಣ್ಣಿಗಿಳಿಯಿತು, ಮಣ್ಣಿನಿಂದ ಸೊಪ್ಪಿಗೆ, ಸೊಪ್ಪಿನಿಂದ ಹಿರಿಯ ಮಗಳಿಗೆ. ಅವಳು ಉಳಿಯಲಿಲ್ಲ. ಅವನು ಅಂದೇ ಕುಲುಮೆ ಕೆಡವಿದ.

ಮಣ್ಣು ಪರೀಕ್ಷಿಸುವ ಹೆಂಗಸೊಬ್ಬಳು ಬಂದು ಪಾತಿಗೆ ಸುಣ್ಣ, ಮೂಳೆಪುಡಿ, ಗೊಬ್ಬರ ಬೆರೆಸಿದಳು. ಮರುವರ್ಷ ಬಂದು ಅದೇ ಮಣ್ಣನ್ನು ಎರಡು ಬಗೆಯಲ್ಲಿ ನೋಡಿದಳು. ಸ್ವಲ್ಪವನ್ನು ಉಗ್ರವಾದ ಆಮ್ಲದಲ್ಲಿ ಕುದಿಸಿದಾಗ ಸೀಸವೆಲ್ಲ ಹೊರಗೆ ಬಂತು, ಮೊದಲಿದ್ದಷ್ಟೇ. ಇನ್ನು ಸ್ವಲ್ಪವನ್ನು, ಬೇರು ಒಸರುವ ರಸದಷ್ಟೇ ಸೌಮ್ಯವಾದ ಹುಳಿನೀರಿನಲ್ಲಿ ಅಲುಗಿಸಿದಾಗ ಬಹುತೇಕ ಏನೂ ಬರಲಿಲ್ಲ.

"ಹಾಗಾದರೆ ವಿಷ ಹೋಗಿಲ್ಲ," ಎಂದ ಅವನು.

"ಹೋಗಿಲ್ಲ. ಸುಣ್ಣ, ಮೂಳೆ ಹಿಡಿದುಕೊಂಡಿವೆ. ಬೇರಿಗೆ ಸಿಗುವುದಿಲ್ಲ, ಸೊಪ್ಪು ತಿನ್ನಬಹುದು. ಮಣ್ಣು ಹುಳಿಯಾಗದಂತೆ ನೋಡಿಕೊಳ್ಳಿ, ಅಷ್ಟೇ."

ಹೆಂಡತಿ, ತಿನ್ನಬಹುದು ಎಂಬುದನ್ನು ಕೇಳಿಸಿಕೊಂಡು ಕಿರಿಯ ಮಗಳಿಗಾಗಿ ದಂಟಿನ ಬೀಜ ಚೆಲ್ಲಿದಳು. ಗಂಡನ ಕಿವಿಯಲ್ಲಿ ಉಳಿದದ್ದು, ಹೋಗಿಲ್ಲ ಎಂಬುದೊಂದೇ. ಮಗಳನ್ನು ಕೊಂದದ್ದು ತನ್ನ ಹಿತ್ತಲಲ್ಲೇ ಮಲಗಿದೆ ಎಂದುಕೊಂಡರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ಹೆಂಡತಿ ಹುಣಸೆಹಣ್ಣು ಹಾಕಿ ಹಿತ್ತಾಳೆ ಕೊಡ ಬೆಳಗುವುದನ್ನು ಕಂಡ. ಕಿಲುಬು ಕರಗಿ ಹರಿದುಹೋಯಿತು. ಆಮೇಲೆ ಅವಳಿಲ್ಲದ ಹೊತ್ತು ನೋಡಿ, ಹಂಡೆಗಟ್ಟಲೆ ಹುಣಸೆ ನೀರು ಕಿವುಚಿ ಪಾತಿಗೆ ಎರೆಯತೊಡಗಿದ. ವಿಷ ಪೂರ್ತಿ ತೊಳೆದುಹೋಗಲಿ ಎಂದೇ ಎರೆದ.

ಸುಣ್ಣದ ಹಿಡಿತ ಸಡಿಲಿತು. ದಂಟು ನೋಡಲು ಚೆನ್ನಾಗಿಯೇ ಇತ್ತು. ತಾಯಿ ದಿನವೂ ಕಿರಿಯವಳಿಗೆ ಬಡಿಸಿದಳು. ಮಗು ಹೊಟ್ಟೆ ಹಿಡಿದುಕೊಂಡು ಅಳಲು ಶುರುಮಾಡಿದಾಗ, ಆ ಅಳು ತಾಯಿಗೆ ಗುರುತಿನದಾಗಿತ್ತು.

ಮಣ್ಣಿನ ಹೆಂಗಸು ಮತ್ತೆ ಬಂದಳು. ಈ ಸಲ ಸೌಮ್ಯವಾದ ಹುಳಿನೀರಿಗೇ ಸೀಸ ಇಳಿದುಬಂತು. ಪಾತಿಗೆ ಏನು ಹಾಕಿದಿರಿ ಎಂದು ಕೇಳಿದಳು. ಅವನು ಹೇಳಿದ. ಹೆಂಡತಿ ಗಂಡನನ್ನೇ ನೋಡಿದಳು.

"ನಾನು ಬೆಳಗಿದ ಕೊಡದಲ್ಲಿ ನೀರು ತುಂಬಬಹುದಿತ್ತು," ಎಂದಳು. "ನೀವು ಬೆಳಗಿದ್ದು ಯಾರಿಗಾಗಿ ರೀ?"

ಮಗು ಉಳಿಯಿತು. ಕಲಿತಿದ್ದ ಅಕ್ಷರಗಳು ಮಾತ್ರ ಮತ್ತೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕ್ಷಮೆ ಸುಳ್ಳೋ ನಿಜವೋ ತಾವು ಹೇಳಲಿಲ್ಲವಲ್ಲ ಎಂದಳು ದಾಕ್ಷಾಯಿಣಿ.

"ನಾಳೆ ಅಣ್ಣನ ಮನೆಗೆ ಹುಣಸೆಹಣ್ಣು ಎಷ್ಟು ಒಯ್ಯುತ್ತೀ, ತಾಯಿ?" ಎಂದರು ಗುರುಗಳು.